ಊರಿಗೆ ತಿಳಿಯುವುದು ವೈವಾ ಮುಗಿದ ಮೇಲೆ

ಪಿಎಚ್.ಡಿ. ಮೌಖಿಕ ಪರೀಕ್ಷೆ, ಅಂದರೆ ವೈವಾ, ಮುಕ್ತವಾಗಿರುತ್ತದೆ. ಆದರೆ ಪ್ರಬಂಧ ಓದಲು ಸಿಗುವುದು ಎಲ್ಲ ಮುಗಿದ ಮೇಲೆ. ಓದದವರು ಕೇಳುವುದೇನನ್ನು? ಆಂಧ್ರ ವಿಶ್ವವಿದ್ಯಾಲಯಕ್ಕೆ ನೂರು ತುಂಬುವ ಈ ಹೊತ್ತಿನಲ್ಲಿ, ಸಾರ್ವಜನಿಕ ಉಪನ್ಯಾಸ ಮತ್ತು ಮುಕ್ತ ವೈವಾ ಎಂಬ ಎರಡು ಸಂಪ್ರದಾಯಗಳ ಲೆಕ್ಕಾಚಾರ

ಹನ್ನೊಂದಕ್ಕೆ ಎಂದಿದ್ದ ವೈವಾ ಹನ್ನೊಂದೂವರೆಗೆ ಶುರುವಾಗುತ್ತದೆ. ಸೆಮಿನಾರ್ ಹಾಲಿನ ಗೋಡೆಗೆ ಫ್ಲೆಕ್ಸ್ ಕಟ್ಟಿದ್ದಾರೆ. ಅದರಲ್ಲಿ ಅಭ್ಯರ್ಥಿಯ ಫೋಟೊ, ಗೈಡ್ ಹೆಸರು, ಎರಡು ಸಾಲಿಗೂ ಹಿಡಿಸದ ಶೀರ್ಷಿಕೆ, ಅದರ ಬಾಲದಲ್ಲಿ 'ಒಂದು ಅಧ್ಯಯನ'. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟ ತಾಯಿ, ಮಡಿಕೆ ಮುರಿಯದ ಬಿಳಿ ಅಂಗಿಯ ತಂದೆ, ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿರುವ ತಮ್ಮ. ಮೂಲೆಯ ಮೇಜಿನ ಮೇಲೆ ಶಾಲು, ಹಣ್ಣಿನ ಬುಟ್ಟಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ಮೈಸೂರು ಪೇಟ. ರಾತ್ರಿ ರೈಲಿಗೆ ಬಂದಿಳಿದ, ಹೊರಗಿನ ಪರೀಕ್ಷಕರಾದ ಎಕ್ಸ್‌ಟರ್ನಲ್‌ಗೆ ಸಂಜೆಯ ರೈಲಿಗೆ ವಾಪಸು ಟಿಕೆಟ್ ಆಗಿದೆ. ಅಭ್ಯರ್ಥಿ ಇಪ್ಪತ್ತು ಸ್ಲೈಡು ತೋರಿಸುತ್ತಾರೆ. ಪರೀಕ್ಷಕರು ಗ್ರಂಥಋಣದ ಅಕ್ಷರದೋಷದ ಬಗ್ಗೆ ಒಂದು, ಮೂರನೇ ಅಧ್ಯಾಯದ ಕೋಷ್ಟಕದ ಬಗ್ಗೆ ಒಂದು, 'ಮುಂದಿನ ಸಂಶೋಧಕರಿಗೆ ನಿಮ್ಮ ಸಲಹೆ ಏನು' ಎಂದು ಇನ್ನೊಂದು ಪ್ರಶ್ನೆ ಕೇಳುತ್ತಾರೆ. 'ಸಭೆಯಿಂದ ಪ್ರಶ್ನೆಗಳಿದ್ದರೆ ಕೇಳಬಹುದು' ಎನ್ನುತ್ತಾರೆ ಅಧ್ಯಕ್ಷರು. ಯಾರೂ ಏಳುವುದಿಲ್ಲ. ಐದು ನಿಮಿಷ ಎಲ್ಲರನ್ನೂ ಹೊರಗೆ ಕಳಿಸಿ, ಮತ್ತೆ ಒಳಗೆ ಕರೆದು, 'ಇನ್ನು ಮೇಲೆ ಇವರು ಡಾಕ್ಟರ್' ಎಂದು ಸಾರಲಾಗುತ್ತದೆ. ಚಪ್ಪಾಳೆ, ಹಾರ, ಫೋಟೊ, ಒಬ್ಬಟ್ಟಿನ ಊಟ.

ಎರಡು ದಿನದ ಮೇಲೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪಾಸ್‌ಪೋರ್ಟ್ ಅಳತೆಯ ಚಿತ್ರದ ಪಕ್ಕ ನಾಲ್ಕು ಸಾಲು ಬರುತ್ತದೆ: ಇಂಥ ತಾಲ್ಲೂಕಿನ ಇಂಥವರು, ಇಂಥವರ ಮಾರ್ಗದರ್ಶನದಲ್ಲಿ ಮಂಡಿಸಿದ ಮಹಾಪ್ರಬಂಧಕ್ಕೆ ಪಿಎಚ್.ಡಿ. ಪದವಿ ಲಭಿಸಿದೆ. ಊರು, ಗೈಡ್, ಶೀರ್ಷಿಕೆ ಎಲ್ಲವೂ ಇರುತ್ತವೆ. ಆ ಪ್ರಬಂಧ ಹೊಸದಾಗಿ ಕಂಡುಕೊಂಡದ್ದೇನು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ನಿಶ್ಚಿತಾರ್ಥ ಆದ ಮೇಲೆ ಹೆಣ್ಣು ನೋಡುವ ಶಾಸ್ತ್ರ ಮಾಡಿದ ಹಾಗೆ ಇದು. ಶಾಸ್ತ್ರದಲ್ಲಿ ಲೋಪವಿಲ್ಲ, ನೋಡುವುದಕ್ಕೆ ಮಾತ್ರ ಅರ್ಥ ಉಳಿದಿಲ್ಲ. ಸಂಭ್ರಮದ ಬಗ್ಗೆ ಈ ಲೇಖನದ ತಕರಾರಿಲ್ಲ. ಮನೆತನದಲ್ಲೇ ಮೊದಲ ಬಾರಿಗೆ ಡಾಕ್ಟರೇಟ್ ಕಂಡ ತಂದೆತಾಯಿ ಹಾರ ತರುವುದು ನ್ಯಾಯವೇ. ತಕರಾರು ಇರುವುದು ಅನುಕ್ರಮದ ಬಗ್ಗೆ. ವೈವಾ ಸಾರ್ವಜನಿಕವಾಗಬೇಕಾದರೆ ಹಾಲಿನ ಬಾಗಿಲು ತೆಗೆದಿಟ್ಟರೆ ಸಾಲದು. ಪ್ರಬಂಧ ಮೊದಲೇ ಊರಿನ ಕೈಗೆ ಸಿಗಬೇಕು, ಅದರ ತಿರುಳನ್ನು ಊರಿನ ಮಾತಿನಲ್ಲಿ ಹೇಳಬೇಕು, ಆಮೇಲೆ ಪದವಿ. ಈಗ ನಡೆಯುತ್ತಿರುವುದು ಇದರ ತಲೆಕೆಳಗು.

ನಿಯಮವನ್ನು ದೂರುವ ಹಾಗಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ 2016ರ ನಿಯಮಾವಳಿಯೂ ಅದರ ಜಾಗಕ್ಕೆ ಬಂದ 2022ರ ನಿಯಮಾವಳಿಯೂ ವೈವಾ ಮುಕ್ತವಾಗಿರಬೇಕು ಎಂದೇ ಹೇಳುತ್ತವೆ. ಆದರೆ ಎರಡರ ನಡುವೆ ಒಂದು ಬದಲಾವಣೆ ಸದ್ದಿಲ್ಲದೆ ಆಗಿದೆ. 2016ರಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಒಂದಾದರೂ ಲೇಖನವನ್ನು ಪರಿಶೀಲಿತ ಪತ್ರಿಕೆಯಲ್ಲಿ ಪ್ರಕಟಿಸಲೇಬೇಕಿತ್ತು. 2022ರಲ್ಲಿ ಆ ಕಡ್ಡಾಯ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ದುಡ್ಡು ಕೊಟ್ಟರೆ ವಾರದೊಳಗೆ ಲೇಖನ ಅಚ್ಚು ಹಾಕುವ ನಕಲಿ ಜರ್ನಲ್‌ಗಳ ಅಂಗಡಿಗಳು ಆ ಕಡ್ಡಾಯದ ನೆರಳಲ್ಲೇ ಬೆಳೆದಿದ್ದವು. ಆದರೆ ಅದು ಹೋದ ಮೇಲೆ, ಗೈಡ್ ಮತ್ತು ಇಬ್ಬರು ಪರೀಕ್ಷಕರನ್ನು ಬಿಟ್ಟು ಹೊರಗಿನವರ ಕಣ್ಣು ಪ್ರಬಂಧದ ಮೇಲೆ ಬೀಳಲು ಕಟ್ಟುನಿಟ್ಟಾಗಿ ಉಳಿದಿರುವ ದೊಡ್ಡ ಅವಕಾಶವೆಂದರೆ ವೈವಾ. ಹೊರೆ ಹೆಚ್ಚಾದ ಹೊತ್ತಿನಲ್ಲೇ ಅದು ಬರೀ ಸಮಾರಂಭವಾಗಿ ಸೊರಗಿದೆ.

ಬಾಕ್ಸ್: ನಿಯಮದಲ್ಲಿ ಇರುವುದೇನು?
ಯುಜಿಸಿಯ 2022ರ ನಿಯಮಾವಳಿಯಂತೆ ಪ್ರಬಂಧವನ್ನು ಮಾರ್ಗದರ್ಶಕರ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದಬೇಕು. ಸಾಧ್ಯವಾದಲ್ಲಿ ಒಬ್ಬರು ಹೊರದೇಶದವರಾಗಿರಬೇಕು. ವೈವಾ ಮಂಡಳಿಯಲ್ಲಿ ಮಾರ್ಗದರ್ಶಕರೂ ಆ ಇಬ್ಬರಲ್ಲಿ ಒಬ್ಬರಾದರೂ ಇರಬೇಕು. ಆನ್‌ಲೈನ್‌ನಲ್ಲೂ ನಡೆಸಬಹುದು. ವಿಭಾಗದ ಅಧ್ಯಾಪಕರು, ಸಂಶೋಧಕರು, ವಿದ್ಯಾರ್ಥಿಗಳಿಗೆ ಅದು ಮುಕ್ತ. ಸಲ್ಲಿಕೆಯಿಂದ ಫಲಿತಾಂಶದವರೆಗಿನ ಕೆಲಸ ಆರು ತಿಂಗಳಲ್ಲಿ ಮುಗಿಯಬೇಕು. ಮೌಲ್ಯಮಾಪನ ಮುಗಿದ ಬಳಿಕ ವಿದ್ಯುನ್ಮಾನ ಪ್ರತಿ ಗ್ರಂಥಾಲಯ ಜಾಲ ಕೇಂದ್ರವಾದ ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ಗೆ ಹೋಗುತ್ತದೆ.

ಬಾಕ್ಸಿನ ಕೊನೆಯ ಸಾಲಿನಲ್ಲೇ ಇಡೀ ತೊಡಕು ಕೂತಿದೆ. ಇನ್‌ಫ್ಲಿಬ್‌ನೆಟ್ ನಡೆಸುವ 'ಶೋಧಗಂಗಾ' ಜಾಲತಾಣ ಒಂದು ದೊಡ್ಡ ಸಾಧನೆ. ಲಕ್ಷಗಟ್ಟಲೆ ಭಾರತೀಯ ಪ್ರಬಂಧಗಳನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಒಂದು ಕಾಲಕ್ಕೆ ವಿಭಾಗದ ಬೀರುವಿನಲ್ಲಿ ಕಪ್ಪು ರಟ್ಟಿನ ಬೈಂಡಿನೊಳಗೆ ಧೂಳು ತಿನ್ನುತ್ತಿದ್ದ ಪ್ರಬಂಧಗಳು ಈಗ ಬಳ್ಳಾರಿಯ ಹುಡುಗಿಯ ಫೋನಿಗೂ ಬರುತ್ತವೆ. ಆದರೆ ಅವು ಅಲ್ಲಿಗೆ ಸೇರುವುದು ತೀರ್ಮಾನ ಆದ ಮೇಲೆ. ಪ್ರಬಂಧದಲ್ಲಿ ಬೇರೆಯವರ ಪುಟಗಳು ಇಳಿದುಬಂದಿದ್ದರೆ, ಅಂಕಿಅಂಶ ತಪ್ಪಿದ್ದರೆ, ಶಾಸನ ತಪ್ಪಾಗಿ ಓದಿದ್ದರೆ ಅದನ್ನು ಗುರುತಿಸಬಲ್ಲವರು ಓದುವ ಹೊತ್ತಿಗೆ ಪದವಿ ಕೊಟ್ಟಾಗಿರುತ್ತದೆ, ಹೆಸರಿನ ಹಿಂದೆ 'ಡಾ.' ಬಂದಾಗಿರುತ್ತದೆ. ಆಮೇಲೆ ತಪ್ಪು ತೋರಿಸಿದರೆ ಅದು ವಿಮರ್ಶೆ ಎನಿಸುವುದಿಲ್ಲ, ದೂರು ಎನಿಸುತ್ತದೆ. ದೂರಿಗೆ ಸಮಿತಿ, ಸಮಿತಿಗೆ ವರದಿ, ವರದಿಗೆ ಕೋರ್ಟು. ವೈವಾಕ್ಕೆ ಒಂದು ತಿಂಗಳು ಮುಂಚೆ ಅದೇ ಪ್ರತಿ ಅದೇ ಜಾಲತಾಣಕ್ಕೆ ಹೋದರೆ ಹೆಚ್ಚಿನ ಖರ್ಚೇನೂ ಇಲ್ಲ.

ಮೈಸೂರಿನಿಂದ ವಾಲ್ಟೇರಿಗೆ

ವಿಶ್ವವಿದ್ಯಾಲಯ ಜನರ ಎದುರು ಮಾತಾಡಬೇಕು ಎಂಬ ವಿಚಾರ ನಮ್ಮಲ್ಲಿ ಹೊಸದಲ್ಲ. 1926ರ ಏಪ್ರಿಲ್ 26ರಂದು ಹುಟ್ಟಿದ ಆಂಧ್ರ ವಿಶ್ವವಿದ್ಯಾಲಯದ ಚರಿತ್ರೆಯನ್ನು ಕನ್ನಡಿಗರು ಪಕ್ಕದ ಮನೆಯ ಕಥೆ ಎಂದು ಓದಬೇಕಾಗಿಲ್ಲ. ಅದರ ಮೊದಲ ಇಬ್ಬರು ಕುಲಪತಿಗಳೂ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ಬೆಜವಾಡದಲ್ಲಿ, ಅಂದರೆ ಈಗಿನ ವಿಜಯವಾಡದಲ್ಲಿ ಶುರುವಾದ ವಿಶ್ವವಿದ್ಯಾಲಯ 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿನ ಕಡಲ ದಂಡೆಯ ಗುಡ್ಡಕ್ಕೆ ಬಂತು. ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ, ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ದುಡಿದವರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ರೂಪುಗೊಳ್ಳುವಾಗ ಹೊರದೇಶದ ವಿಶ್ವವಿದ್ಯಾಲಯಗಳ ಬಗ್ಗೆ ಅವರು ತಿಳಿದುಕೊಂಡು ಬಂದ ಸಂಗತಿಗಳು ಕೆಲಸಕ್ಕೆ ಬಂದಿದ್ದವು. 1931ರಲ್ಲಿ ಅವರ ಸ್ಥಾನಕ್ಕೆ ಬಂದ ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವರು.

ರಾಧಾಕೃಷ್ಣನ್ ಅವರ ಕಾಲದ ಒಂದು ಘಟನೆ ಇಲ್ಲಿ ಗಮನಿಸತಕ್ಕದ್ದು. 1933ರಲ್ಲಿ ರವೀಂದ್ರನಾಥ ಠಾಕೂರರು ವಾಲ್ಟೇರಿಗೆ ಬಂದು ಉಪನ್ಯಾಸ ಕೊಟ್ಟರು. ವಿಷಯ 'ಮನುಷ್ಯ'. ಹುಟ್ಟಿ ಏಳು ವರ್ಷವಾಗಿದ್ದ, ಗುಡ್ಡದ ಮೇಲೆ ಕಟ್ಟಡಗಳು ಇನ್ನೂ ಏಳುತ್ತಿದ್ದ ವಿಶ್ವವಿದ್ಯಾಲಯ ಅದು. ಠಾಕೂರರು ಅಲ್ಲಿ ಯಾವ ಪರೀಕ್ಷೆಗೂ ಪಾಠ ಮಾಡಲಿಲ್ಲ, ಯಾವ ಪದವಿಗೂ ಪ್ರಬಂಧ ಮಂಡಿಸಲಿಲ್ಲ. ತಮ್ಮ ಚಿಂತನೆಯ ಕೊನೆಯ ಘಟ್ಟವನ್ನು ಕೇಳುಗರ ಮುಂದಿಟ್ಟರು, ಅಷ್ಟೇ. 1937ರಲ್ಲಿ ವಿಶ್ವವಿದ್ಯಾಲಯ ಆ ಮಾತುಗಳನ್ನು ಪುಸ್ತಕವಾಗಿ ತಂದಿತು. ಹೀಗೆ ಮಾತಾಡಿ, ಚರ್ಚೆಗೆ ಒಡ್ಡಿ, ಆಮೇಲೆ ಅಚ್ಚು ಹಾಕುವ ಕ್ರಮ ಆ ತಲೆಮಾರಿಗೆ ರಕ್ತಗತ. ರಾಧಾಕೃಷ್ಣನ್ ಅವರ ಹೆಸರಾದ ಪುಸ್ತಕಗಳೂ ಹಾಗೆಯೇ ಹುಟ್ಟಿದವು. ಹಿಂದೂ ಜೀವನದೃಷ್ಟಿಯನ್ನು ಕುರಿತ ಅವರ ಕೃತಿ 1926ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೊಟ್ಟ ಉಪನ್ಯಾಸಗಳ ಸಂಕಲನ.

ಬಾಕ್ಸ್: ಕಡಲ ದಂಡೆಯ ಕನ್ನಡ ನಂಟು
ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ಹೂವಿನಹಡಗಲಿಯಲ್ಲಿ, ಗಣಿತದ ಎಂ.ಎ. ಮಾಡಿದ್ದು ಆಂಧ್ರ ವಿಶ್ವವಿದ್ಯಾಲಯದಲ್ಲಿ, ಪಿಎಚ್.ಡಿ. ಪಡೆದದ್ದು 1948ರಲ್ಲಿ ಕೇಂಬ್ರಿಜಿನಲ್ಲಿ, ಆರ್.ಎ. ಫಿಶರ್ ಅವರ ಕೈಕೆಳಗೆ. ಸಾಮಾನ್ಯ ಓದುಗರಿಗೂ ತಿಳಿಯುವಂಥ ಅವರ 'ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರುತ್' ಪುಸ್ತಕ ರಾಮಾನುಜನ್ ಸ್ಮಾರಕ ಉಪನ್ಯಾಸಗಳಿಂದ ಬೆಳೆದದ್ದು. 1932ರಲ್ಲಿ ವಾಲ್ಟೇರಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದ ಎಸ್. ಭಗವಂತಂ ಮುಂದೆ 1957ರಿಂದ 1962ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಸಿ.ವಿ. ರಾಮನ್ ಅವರ ಶಾಲಾ ದಿನಗಳೂ ವಿಶಾಖಪಟ್ಟಣದವೇ. ತಂದೆ ಅಲ್ಲಿನ ಕಾಲೇಜಿನಲ್ಲಿ ಅಧ್ಯಾಪಕರು.

ಸಾರ್ವಜನಿಕ ಉಪನ್ಯಾಸದಲ್ಲಿ ಮೈಸೂರು ವಾಲ್ಟೇರಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ದೊಡ್ಡವರನ್ನು ಕರೆಸಿ ಮಾತಾಡಿಸುವುದು ಒಂದು ಬಗೆ. ತನ್ನ ಅಧ್ಯಾಪಕರನ್ನೇ ಊರೂರಿಗೆ ಕಳಿಸುವುದು ಇನ್ನೊಂದು. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳು ಈ ಎರಡನೆಯ ಬಗೆಯವು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುವ ಪ್ರಾಧ್ಯಾಪಕರು ಹೊರಗೆ ಹೋಗಿ ನಕ್ಷತ್ರ, ರೋಗ, ಬೇಸಾಯ, ಚರಿತ್ರೆ, ಕಾವ್ಯಗಳ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು. ಮಾತು ಚೆನ್ನಾಗಿದ್ದರೆ ಅದು ಕೆಲವೇ ಆಣೆಗಳ ಪುಟ್ಟ ಪುಸ್ತಕವಾಗಬೇಕು. ಭೌತವಿಜ್ಞಾನದ ಆರ್.ಎಲ್. ನರಸಿಂಹಯ್ಯನವರಂಥವರು ಖಗೋಳವನ್ನು ಕನ್ನಡಕ್ಕೆ ತಂದದ್ದು ಈ ವಾತಾವರಣದಲ್ಲಿ. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಈ ಕೆಲಸಕ್ಕೆ ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಮೂಲಕ ಭದ್ರ ನೆಲೆ ಕೊಟ್ಟರು. ಹಳೆಯ ಪುಸ್ತಕದಂಗಡಿಗಳಲ್ಲಿ ಆ ತೆಳು ಪುಸ್ತಿಕೆಗಳು ಈಗಲೂ ಸಿಗುತ್ತವೆ. ಬೆನ್ನು ಹರಿದಿದ್ದರೂ ಭಾಷೆ ಹರಿದಿಲ್ಲ.

ಇದರ ಫಲ ಉಪನ್ಯಾಸಕ್ಕೇ ನಿಲ್ಲಲಿಲ್ಲ, ಸಂಶೋಧನೆಗೂ ತಟ್ಟಿತು. ಜಿ.ಎಸ್. ಶಿವರುದ್ರಪ್ಪನವರು ಕುವೆಂಪು ಮಾರ್ಗದರ್ಶನದಲ್ಲಿ ಬರೆದ 'ಸೌಂದರ್ಯ ಸಮೀಕ್ಷೆ', ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಎಂ. ಚಿದಾನಂದಮೂರ್ತಿಯವರು ಬರೆದು 1964ರಲ್ಲಿ ಪದವಿ ಪಡೆದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ', ಎಂ.ಎಂ. ಕಲಬುರ್ಗಿಯವರ 'ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ', ಈ ಮೂರೂ ಪಿಎಚ್.ಡಿ. ಪ್ರಬಂಧಗಳೇ. ಆದರೆ ಓದುವಾಗ ಅದು ನೆನಪಿಗೆ ಬರುವುದಿಲ್ಲ. ಚಿದಾನಂದಮೂರ್ತಿಯವರ ಪುಸ್ತಕವನ್ನು ಶಾಸನ ಗೊತ್ತಿಲ್ಲದವರೂ ಓದುತ್ತಾರೆ. ವೀರಗಲ್ಲು ಯಾಕೆ ನೆಟ್ಟರು, ಹರಕೆಗೆ ತಲೆ ಕೊಡುವುದೆಂದರೇನು ಎಂದು ತಿಳಿಯಲು ತೆರೆಯುತ್ತಾರೆ. ಮೂವರು ಪರೀಕ್ಷಕರಿಗಾಗಿ ಬರೆದ ಪ್ರಬಂಧಕ್ಕೂ ಮೂರು ತಲೆಮಾರಿನ ಓದುಗರಿಗಾಗಿ ಬರೆದದ್ದಕ್ಕೂ ಇರುವ ಅಂತರ ಮೊದಲ ಪುಟದಲ್ಲೇ ಕಾಣುತ್ತದೆ. ಓದುಗರು ಹೊರಗಿದ್ದಾರೆ ಎಂಬ ಅರಿವು ಬರವಣಿಗೆಯನ್ನು ತಿದ್ದುತ್ತದೆ. ಯಾರೂ ಓದುವುದಿಲ್ಲ ಎಂಬ ಧೈರ್ಯ ಅದನ್ನು ಕೆಡಿಸುತ್ತದೆ.

ಆ ಉಪನ್ಯಾಸ ಪರಂಪರೆ ಸತ್ತಿದೆ ಎನ್ನುವಂತಿಲ್ಲ. ಆದರೆ ಬಹುಪಾಲು ಅದು ಕ್ಯಾಂಪಸ್ಸಿನಿಂದ ಹೊರಬಿದ್ದು ಬೇರೆ ಮನೆ ಮಾಡಿದೆ. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಬುಧವಾರದ ಉಪನ್ಯಾಸಗಳಿಗೆ ನಿವೃತ್ತ ಬ್ಯಾಂಕ್ ನೌಕರರೂ ಬಂದರು, ಹೈಸ್ಕೂಲು ಹುಡುಗರೂ ಬಂದರು. ವಿಶ್ವವಿದ್ಯಾಲಯದಲ್ಲಿ ಉಳಿದಿರುವುದು ದತ್ತಿ ಉಪನ್ಯಾಸ. ಅದರ ಇಡುಗಂಟಿನ ಬಡ್ಡಿ ಈಗ ಅತಿಥಿಯ ಪ್ರಯಾಣಭತ್ಯೆಗೂ ಸಾಲದು. ಹಾಜರಿಗಾಗಿ ಮೊದಲ ವರ್ಷದ ಎಂ.ಎ. ತರಗತಿಯನ್ನು ಸಾಲಾಗಿ ತಂದು ಕೂರಿಸುತ್ತಾರೆ. ಸ್ವಾಗತ, ಪ್ರಾಸ್ತಾವಿಕ, ಪರಿಚಯ, ಅಧ್ಯಕ್ಷೀಯ ನುಡಿ, ವಂದನಾರ್ಪಣೆಗಳ ನಡುವೆ ಉಪನ್ಯಾಸಕ್ಕೆ ಸಿಗುವುದು ನಲವತ್ತು ನಿಮಿಷ. ಪ್ರಶ್ನೆಗೆ ಸಮಯವಿಲ್ಲ, ಊಟ ತಣ್ಣಗಾಗುತ್ತದೆ.

ಡಂಗುರ ಹೊಡೆದು ವಾದಕ್ಕೆ

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪಾರ್ಶ್ವನಾಥ ಬಸದಿಯ ಕಂಬದ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿ ಇದೆ. ಗುರುಪರಂಪರೆಯನ್ನು ಹೊಗಳುವ ಆ ಉದ್ದ ಶಾಸನದಲ್ಲಿ ಜೈನ ಆಚಾರ್ಯ ಸಮಂತಭದ್ರರ ಬಾಯಲ್ಲಿ ಬರುವ ಒಂದು ಪದ್ಯವಿದೆ. ಪಾಟಲಿಪುತ್ರದಲ್ಲಿ, ಮಾಳವದಲ್ಲಿ, ಸಿಂಧುವಿನಲ್ಲಿ, ಕಾಂಚಿಯಲ್ಲಿ ವಾದಕ್ಕೆ ಕರೆದು ಭೇರಿ ಹೊಡೆಸಿದೆ, ಈಗ ಕರಹಾಟಕಕ್ಕೆ ಬಂದಿದ್ದೇನೆ ಎಂಬುದು ಅದರ ತಾತ್ಪರ್ಯ. ಕರಹಾಟಕವೆಂದರೆ ಇಂದಿನ ಕರಾಡ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ, ಅದನ್ನು ಚರಿತ್ರೆಯೆಂದು ಎಣಿಸಬೇಕಾಗಿಲ್ಲ. ಆದರೆ ಹನ್ನೆರಡನೆಯ ಶತಮಾನದ ಕನ್ನಡ ನೆಲದಲ್ಲಿ ವಿದ್ವಾಂಸನೊಬ್ಬನನ್ನು ಹೊಗಳಬೇಕಾದಾಗ ಏನನ್ನು ಎತ್ತಿ ಹೇಳುತ್ತಿದ್ದರು ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಭೇರಿ ಮೊದಲು, ವಾದ ಆಮೇಲೆ. ಎದುರಾಳಿಗೆ ಸಿದ್ಧನಾಗಲು ಸಮಯ ಕೊಟ್ಟು ಗೆದ್ದದ್ದೇ ಹೆಗ್ಗಳಿಕೆ. ಶೃಂಗೇರಿಯಲ್ಲಿ ಭಾದ್ರಪದ ಮಾಸದ ಗಣಪತಿ ವಾಕ್ಯಾರ್ಥ ಸಭೆಯಲ್ಲಿ ಈಗಲೂ ಕಿರಿಯ ವಿದ್ವಾಂಸ ಹಿರಿಯರ ಮುಂದೆ ಪೂರ್ವಪಕ್ಷವನ್ನು ತಾನೇ ಎತ್ತಿ, ಅದಕ್ಕೆ ಬರುವ ಆಕ್ಷೇಪಗಳನ್ನು ಎದುರಿಸಿ ಸಿದ್ಧಾಂತಕ್ಕೆ ಬರಬೇಕು. ಅಲ್ಲಿಯ ಪ್ರವೇಶ ಎಲ್ಲ ಜಾತಿ, ಎಲ್ಲ ಭಾಷೆಗೂ ಇರಲಿಲ್ಲ ಎಂಬ ದೊಡ್ಡ ಕೊರತೆಯನ್ನು ಮುಚ್ಚಿಡುವಂತಿಲ್ಲ. ಆದರೆ ಆಕ್ಷೇಪವೇ ಗೌರವ ಎಂಬ ಅಲ್ಲಿನ ನಡಾವಳಿ ನಮ್ಮ ಸೆಮಿನಾರ್ ಹಾಲಿಗೆ ಬರಲಿಲ್ಲ. ಇಲ್ಲಿ ಪ್ರಶ್ನೆ ಕೇಳಿದವರು ಗೈಡ್‌ನ ವಿರೋಧಿ ಎನಿಸಿಕೊಳ್ಳುತ್ತಾರೆ.

ಯುರೋಪಿನ ಕೆಲವು ದೇಶಗಳು ಈ ಭೇರಿಯನ್ನು ಕಾಗದದ ಮೇಲೆ ಉಳಿಸಿಕೊಂಡಿವೆ. ಸ್ವೀಡನ್ನಿನಲ್ಲಿ ವೈವಾಕ್ಕೆ ಸಾಮಾನ್ಯವಾಗಿ ಮೂರು ವಾರ ಮುಂಚೆ ಪ್ರಬಂಧದ ಪ್ರತಿಯನ್ನು ವಿಶ್ವವಿದ್ಯಾಲಯದಲ್ಲಿ ಮೊಳೆ ಹೊಡೆದು ತೂಗುಹಾಕುತ್ತಾರೆ. ಈಗ ಜಾಲತಾಣದಲ್ಲೂ ಹಾಕುತ್ತಾರೆ, ಆದರೂ ಮೊಳೆಯ ಸಂಪ್ರದಾಯ ಬಿಟ್ಟಿಲ್ಲ. ಅಲ್ಲಿ ಹೊರಗಿನಿಂದ ಬರುವ ಪರೀಕ್ಷಕರಿಗೆ 'ಎದುರಾಳಿ' ಎಂದೇ ಹೆಸರು. ಸಭಿಕರಿಗೂ ಪ್ರಶ್ನೆ ಕೇಳುವ ಹಕ್ಕಿದೆ. ನೆದರ್‌ಲೆಂಡ್ಸ್‌ನಲ್ಲಿ ಪ್ರಬಂಧ ಪುಸ್ತಕವಾಗಿ ಅಚ್ಚಾಗಿ ಮೊದಲೇ ಹಂಚಿಕೆಯಾಗಿರುತ್ತದೆ. ಹಲವು ಕಡೆ ಪರೀಕ್ಷೆಗೆ ಮುಂಚೆ ಅಭ್ಯರ್ಥಿ ಹತ್ತು ಹದಿನೈದು ನಿಮಿಷ ತನ್ನ ಅಜ್ಜಿಗೂ ನೆರೆಯವರಿಗೂ ತಿಳಿಯುವ ಹಾಗೆ ಸಂಶೋಧನೆಯನ್ನು ವಿವರಿಸುತ್ತಾರೆ. ಹೊತ್ತು ಮುಗಿದಾಗ ದಂಡ ಹಿಡಿದ ಅಧಿಕಾರಿ ಒಳಗೆ ಬಂದು ಲ್ಯಾಟಿನ್ನಿನಲ್ಲಿ 'ಹೋರಾ ಎಸ್ಟ್' ಎಂದು ಸಾರುತ್ತಾನೆ. ಅರ್ಧ ವಾಕ್ಯದಲ್ಲಿದ್ದರೂ ಮಾತು ನಿಲ್ಲಬೇಕು. (ನಮ್ಮ ಅಧ್ಯಕ್ಷೀಯ ಭಾಷಣಗಳಿಗೂ ಇಂಥ ಒಬ್ಬ ದಂಡಧಾರಿ ಬೇಕಿತ್ತು.) ಬ್ರಿಟನ್ನಿನಲ್ಲಿ ಮಾತ್ರ ಮುಚ್ಚಿದ ಕೋಣೆಯಲ್ಲಿ ಸಾಮಾನ್ಯವಾಗಿ ಇಬ್ಬರೇ ಪರೀಕ್ಷಕರು ಗಂಟೆಗಟ್ಟಲೆ ಪ್ರಶ್ನೆ ಹಾಕುತ್ತಾರೆ. ನಾವು ಬ್ರಿಟನ್ನಿನಿಂದ ಪದವಿಯ ಚೌಕಟ್ಟನ್ನು ತಂದೆವು, ಯುರೋಪಿನ ಉಳಿದ ಭಾಗದಿಂದ ಮುಕ್ತತೆಯ ಹೆಸರನ್ನು ತಂದೆವು. ಒಂದರ ಬಿಗಿಯಾದ ಪ್ರಶ್ನೆಯೂ ಬರಲಿಲ್ಲ, ಇನ್ನೊಂದರ ಮುಂಗಡ ಓದೂ ಬರಲಿಲ್ಲ.

ಆಕ್ಷೇಪಗಳಿವೆ, ಇರಬೇಕಾದ್ದೇ

ಮೊದಲ ಆಕ್ಷೇಪ: ಕ್ವಾಂಟಮ್ ಭೌತಶಾಸ್ತ್ರದ ಪ್ರಬಂಧ ಊರಿನವರಿಗೆ ಸಿಕ್ಕರೇನು, 'ಓದಿ ಅರ್ಥವಾಗಬೇಕಲ್ಲ?' ನಿಜ, ಆಗದು. ಆದರೆ ಸಾರ್ವಜನಿಕ ಎಂದರೆ ಎಲ್ಲರೂ ಎಲ್ಲವನ್ನೂ ಓದುತ್ತಾರೆ ಎಂದೇನಲ್ಲ. ಧಾರವಾಡದ ಪ್ರಬಂಧವನ್ನು ಕಾಸರಗೋಡಿನ ಕಾಲೇಜಿನಲ್ಲಿ ಅದೇ ವಿಷಯ ಕಲಿಸುವ ಒಬ್ಬರು ಓದಿದರೆ ಸಾಕು. ಮೂವರ ಕಣ್ಣು ಬೀಳುತ್ತಿದ್ದಲ್ಲಿ ನಾಲ್ವರದ್ದು ಬೀಳುತ್ತದೆ. ಇನ್ನು ಇತಿಹಾಸ, ಜಾನಪದ, ಸಮಾಜಶಾಸ್ತ್ರ, ಕೃಷಿ ಅರ್ಥಶಾಸ್ತ್ರಗಳ ವಿಷಯದಲ್ಲಿ ಈ ಆಕ್ಷೇಪವೇ ನಿಲ್ಲುವುದಿಲ್ಲ. ಕುರಿಗಾಹಿಗಳ ಮೇಲೆ ಬರೆದ ಪ್ರಬಂಧದ ತಪ್ಪು ಯಾವ ಪ್ರಾಧ್ಯಾಪಕರಿಗಿಂತ ಬೇಗ ಕುರಿಗಾಹಿಗೆ ಸಿಗುತ್ತದೆ. ಮಾಹಿತಿ ಕೊಟ್ಟವರಿಗೆ ಅದು ಏನಾಯಿತು ಎಂದು ನೋಡುವ ಹಕ್ಕು ಇಲ್ಲವೇ? ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದಂದಿನಿಂದ ಸಾಹಿತ್ಯದ ಆಚೆಗಿನ ವಿಷಯಗಳಲ್ಲೂ ಕನ್ನಡದ ಪ್ರಬಂಧಗಳನ್ನು ಬರೆಸಿದೆ. ಕನ್ನಡದಲ್ಲಿ ಬರೆದದ್ದನ್ನಾದರೂ ಕನ್ನಡಿಗರಿಗೆ ಮೊದಲೇ ಕೊಡಲು ಅಡ್ಡಿ ಏನು?

ಎರಡನೆಯದು ಹೆಚ್ಚು ಗಂಭೀರ. ಮನೆಯಲ್ಲಿ ಮೊದಲ ಬಾರಿಗೆ ಓದಿದ, ದಲಿತ ಅಥವಾ ಹಿಂದುಳಿದ ಸಮುದಾಯದಿಂದ ಬಂದ ಸಂಶೋಧಕಿಯನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ಪ್ರಶ್ನೆ ಹಾಕಿಸುವುದು ಅವಮಾನಕ್ಕೆ ದಾರಿ ಮಾಡಿಕೊಟ್ಟ ಹಾಗಲ್ಲವೇ? ಪ್ರಶ್ನೆಯ ವೇಷದಲ್ಲಿ ಜಾತಿಯ ಕುಟುಕು ಬರುವುದು ಈ ನೆಲದಲ್ಲಿ ಕಲ್ಪನೆಯಲ್ಲ. ಆದರೆ ಮುಚ್ಚಿದ ಕೋಣೆ ಅವಳಿಗೆ ಹೆಚ್ಚು ಸುರಕ್ಷಿತವೇ ಎಂದೂ ಕೇಳಬೇಕು. ಇಂದಿನ ಪದ್ಧತಿಯಲ್ಲಿ ಆಕೆಯ ಭವಿಷ್ಯ ಪೂರ್ತಿ ಗೈಡ್ ಕೈಯಲ್ಲಿದೆ. ಸಹಿ ಯಾವಾಗ, ವೈವಾ ಯಾವಾಗ, ಎಕ್ಸ್‌ಟರ್ನಲ್ ಯಾರು, ಎಲ್ಲವೂ. ಅಲ್ಲಿ ನಡೆಯುವ ಕಿರುಕುಳಕ್ಕೆ ಸಾಕ್ಷಿಗಳೇ ಇರುವುದಿಲ್ಲ. ಪ್ರಬಂಧ ಮೊದಲೇ ಹೊರಬಂದು ನಾಲ್ಕಾರು ಕಡೆಯಿಂದ ಮೆಚ್ಚುಗೆ ಬಂದಿದ್ದರೆ ಅದನ್ನು ಸುಮ್ಮನೆ ತಡೆಹಿಡಿಯುವುದು ಸುಲಭವಲ್ಲ. ಪ್ರಶ್ನೆಗಳನ್ನು ಲಿಖಿತವಾಗಿ ಮುಂಚೆ ಪಡೆದು, ಪ್ರಬಂಧಕ್ಕೆ ಸಂಬಂಧಿಸದವನ್ನು ಅಧ್ಯಕ್ಷರು ತಳ್ಳಿಹಾಕುವ ನಿಯಮ ಮಾಡಿದರೆ ಕುಟುಕಿನ ಬಾಯಿಯೂ ಕಟ್ಟುತ್ತದೆ.

ಮೂರನೆಯ ಆಕ್ಷೇಪಕ್ಕೆ ರಕ್ತದ ವಾಸನೆ ಇದೆ. ಕಲಬುರ್ಗಿಯವರ 'ಮಾರ್ಗ' ಸಂಪುಟದ ಲೇಖನಗಳ ಮೇಲೆ ಗದ್ದಲವೆದ್ದು 1989ರಲ್ಲಿ ಅವರು ಒತ್ತಡಕ್ಕೆ ಮಣಿದು ತಮ್ಮ ನಿಲುವನ್ನು ಹಿಂದೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಅವರ ಕೊಲೆಯಾಯಿತು. ಸಂಶೋಧನೆ ಬೀದಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೆ? ಮುಂಗಡ ಪ್ರಕಟಣೆ ಎಂದರೆ ಪದವಿಗೆ ಮೊದಲೇ ಗುಂಪು ಕಟ್ಟಲು ಕೊಟ್ಟ ನೋಟಿಸು ಎನ್ನುವವರಿದ್ದಾರೆ. ಅಂಬೇಡ್ಕರ್ ಅವರ ಉದಾಹರಣೆ ಕೂಡ ಮೇಲ್ನೋಟಕ್ಕೆ ಈ ವಾದವನ್ನೇ ಬಲಪಡಿಸುತ್ತದೆ. 1936ರಲ್ಲಿ ಲಾಹೋರಿನ ಜಾತಿವಿರೋಧಿ ಸಂಘಟನೆ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಮೊದಲೇ ಕಳಿಸಿದ ಭಾಷಣವನ್ನು ಓದಿ ಬೆಚ್ಚಿ ಸಮ್ಮೇಳನವನ್ನೇ ಕೈಬಿಟ್ಟಿತು. ಆಮೇಲೆ ಆದದ್ದನ್ನೂ ನೋಡಬೇಕು. ಅಂಬೇಡ್ಕರ್ ಆ ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅಚ್ಚಾದದ್ದರಿಂದ ಗಾಂಧೀಜಿ 'ಹರಿಜನ'ದಲ್ಲಿ ಉತ್ತರಿಸಬೇಕಾಯಿತು, ಅದಕ್ಕೆ ಅಂಬೇಡ್ಕರ್ ಮರುತ್ತರ ಕೊಟ್ಟರು. ಆ ವಾಗ್ವಾದ ಇಲ್ಲದೆ ಇಂದು ಜಾತಿಯ ಬಗ್ಗೆ ಗಂಭೀರ ಚರ್ಚೆಯೇ ಸಾಧ್ಯವಿಲ್ಲ. ಸಭೆ ಮುರಿದವರು ಸಂಘಟಕರು, ಚರ್ಚೆ ಉಳಿಸಿದ್ದು ಅಚ್ಚು.

ಕಲಬುರ್ಗಿಯವರ ವಿಷಯದಲ್ಲೂ ನ್ಯಾಯ ನಡೆದ ಜಾಗ ಯಾವುದು ಎಂದು ಗಮನಿಸಬೇಕು. ಅವರ ಆಧಾರಗಳನ್ನು ಪರಿಶೀಲಿಸಲು ವಿದ್ವಾಂಸರ ಬಹಿರಂಗ ಸಭೆ ಕೂರಲಿಲ್ಲ. ಒತ್ತಡ ಬಂದದ್ದು ಓದದವರ ಕಡೆಯಿಂದ. ವಿಶ್ವವಿದ್ಯಾಲಯಗಳು ತಮ್ಮ ಅಂಗಳದಲ್ಲಿ ಆಧಾರ ಸಹಿತ ವಾದಕ್ಕೆ ವೇದಿಕೆ ಕೊಡುವ ಅಭ್ಯಾಸ ಬಿಟ್ಟಾಗ ಆ ಕೆಲಸವನ್ನು ಬೇರೆಯವರು ತಮ್ಮ ರೀತಿಯಲ್ಲಿ ಕೈಗೆತ್ತಿಕೊಳ್ಳುತ್ತಾರೆ. ಬೆದರಿಕೆ ಬಂದರೆ ರಕ್ಷಣೆ ಕೊಡುವುದು ಸರ್ಕಾರದ ಕೆಲಸ. ಸಂಶೋಧಕರನ್ನು ಅಡಗಿಸಿಡುವುದು ಅದಕ್ಕೆ ಬದಲಿಯಾಗದು. ನಿಜಕ್ಕೂ ಅಪಾಯವಿರುವ, ಮಾಹಿತಿದಾರರ ಗುರುತು ಬಯಲಾಗುವ, ಪೇಟೆಂಟ್ ಬಾಕಿಯಿರುವ ಪ್ರಬಂಧಗಳಿಗೆ ವಿನಾಯಿತಿ ಇರಲಿ. ವಿನಾಯಿತಿಗೆ ಕಾರಣವನ್ನು ಬರೆದು ಕೊಡಲಿ.

ಈ ಪ್ರಶ್ನೆ ಬರೀ ಮಾನವಿಕ ವಿಷಯಗಳದ್ದಲ್ಲ ಎಂಬುದು ವಾಲ್ಟೇರಿನ ಗುಡ್ಡದಿಂದ ನೋಡಿದರೆ ಸ್ಪಷ್ಟವಾಗುತ್ತದೆ. ಅಲ್ಲಿಂದ ನೈಋತ್ಯಕ್ಕೆ, ಈಗಿನ ಅನಕಾಪಲ್ಲಿ ಜಿಲ್ಲೆಯಲ್ಲಿ ಅಚ್ಯುತಾಪುರಂ ಇದೆ. ವಿಶೇಷ ಆರ್ಥಿಕ ವಲಯ ಬಂದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಬಟ್ಟೆ ಕಾರ್ಖಾನೆ, ಔಷಧ ಕಾರ್ಖಾನೆ, ರಾಸಾಯನಿಕ ಘಟಕಗಳು ಎದ್ದವು. 2024ರ ಆಗಸ್ಟ್ 21ರಂದು ಅಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ದ್ರಾವಕ ಸೋರಿ, ಅದರ ಆವಿಗೆ ಕಿಡಿ ತಗುಲಿ ಸ್ಫೋಟವಾಗಿ 17 ಮಂದಿ ಸತ್ತರು. ಅದಕ್ಕೆ ನಾಲ್ಕು ವರ್ಷ ಮೊದಲು, 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಅಂಚಿನ ಆರ್.ಆರ್. ವೆಂಕಟಾಪುರಂನಲ್ಲಿ ಸ್ಟೈರೀನ್ ಸೋರಿ ಹನ್ನೆರಡು ಮಂದಿ ಪ್ರಾಣ ಬಿಟ್ಟರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ತಂತ್ರಜ್ಞಾನದ ಕಲಿಕೆ 1930ರ ದಶಕದಷ್ಟು ಹಳೆಯದು. ದ್ರಾವಕಗಳು, ಆವಿಯ ಹರಡುವಿಕೆ, ತ್ಯಾಜ್ಯನೀರು, ಕರಾವಳಿಯ ಮೀನು ಇವುಗಳ ಬಗ್ಗೆ ಇಂಥ ಊರಿನ ವಿಶ್ವವಿದ್ಯಾಲಯದಲ್ಲಿ ನಡೆಯುವ ಸಂಶೋಧನೆ ಕೇಳಬೇಕಾದವರು ಯಾರು? ಪಾಳಿ ಮುಗಿಸಿ ಶೇರ್ ಆಟೊ ಹತ್ತುವವರಲ್ಲವೇ?

ಪ್ರಬಂಧ ಓದಿದ್ದರೆ ಸ್ಫೋಟ ನಿಲ್ಲುತ್ತಿತ್ತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ; ಕಾರ್ಖಾನೆಯ ಸುರಕ್ಷತೆ ತಪಾಸಣೆಯ ವಿಷಯ, ಲೈಸೆನ್ಸಿನ ವಿಷಯ, ಲಾಭದ ವಿಷಯ. ಆದರೆ ಸಾರ್ವಜನಿಕ ವಿಶ್ವವಿದ್ಯಾಲಯ ಜನರ ದುಡ್ಡಿನಲ್ಲಿ ಕಂಡುಕೊಂಡದ್ದನ್ನು ಜನರ ಹತ್ತಿರದ ಊರಿನಲ್ಲಿ, ತೆಲುಗಿನಲ್ಲಿ, ಒಂದು ಸಂಜೆ ಹೇಳಬಾರದು ಎನ್ನುವುದಕ್ಕೆ ಕಾರಣವೂ ಇಲ್ಲ. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯ ಮೇಲೆ, ಬಳ್ಳಾರಿ–ಸಂಡೂರಿನ ಗಣಿ ಧೂಳಿನ ಮೇಲೆ, ಕಾಸರಗೋಡಿನ ಎಂಡೋಸಲ್ಫಾನ್ ಮೇಲೆ ಬರೆಯುವ ಪ್ರಬಂಧಗಳಿಗೂ ಇದೇ ಮಾತು, ಅಲ್ಲಿ ಕನ್ನಡದಲ್ಲಿ.

ಮಾಡಬೇಕಾದದ್ದು ಹೆಚ್ಚಿಲ್ಲ. ವೈವಾಕ್ಕೆ ಒಂದು ತಿಂಗಳು ಮುಂಚೆ ಪ್ರಬಂಧವೂ ನಾಲ್ಕು ಪುಟದ ಕನ್ನಡ ಸಾರಾಂಶವೂ ವಿಶ್ವವಿದ್ಯಾಲಯದ ಜಾಲತಾಣಕ್ಕೆ ಬರಲಿ. ಪತ್ರಿಕೆಗಳು ಆ ನಾಲ್ಕು ಸಾಲಿನ ಸುದ್ದಿಯನ್ನು ಪದವಿ ಸಿಕ್ಕ ಮೇಲೆ ಹಾಕುವ ಬದಲು ವೈವಾದ ದಿನ, ಜಾಗ, ಹೊತ್ತಿನ ಸಮೇತ ಮೊದಲೇ ಹಾಕಲಿ. ಪರೀಕ್ಷಕರ ಲಿಖಿತ ವರದಿ ಪ್ರಬಂಧದ ಜೊತೆಯಲ್ಲೇ ಶೋಧಗಂಗಾಕ್ಕೆ ಸೇರಲಿ; ಎರಡು ಪ್ಯಾರಾದಲ್ಲಿ ಮೆಚ್ಚಿ ಕೈತೊಳೆದುಕೊಳ್ಳುವವರು ಆಗ ಮೂರನೆಯದನ್ನೂ ಬರೆದಾರು. ಪದವಿ ಪಡೆದವರಿಂದ ವರ್ಷದೊಳಗೆ ಒಂದು ಪ್ರಚಾರೋಪನ್ಯಾಸ ಕೊಡಿಸಲಿ, ಕ್ಷೇತ್ರಕಾರ್ಯ ಮಾಡಿದ ಊರಿನಲ್ಲೇ ಆದರೆ ಇನ್ನೂ ಒಳ್ಳೆಯದು. ಖರ್ಚಿನ ಬಾಬ್ತು ಎಂದರೆ ಬಸ್ ಚಾರ್ಜು, ಒಂದು ಮೈಕು, ಪಂಚಾಯಿತಿ ಕಚೇರಿಯ ಹಾಲು. ಪ್ರಸಾರಾಂಗಗಳು ಈಗಲೂ ಇವೆ, ಅವುಗಳಿಗೆ ನಿರ್ದೇಶಕರೂ ಇದ್ದಾರೆ. ಯುಜಿಸಿಯ ನಿಯಮಾವಳಿ ಕನಿಷ್ಠ ಮಟ್ಟವನ್ನಷ್ಟೇ ಗೊತ್ತುಮಾಡುತ್ತದೆ. ಅದರ ಮೇಲೆ ತಮ್ಮ ನಿಯಮಗಳಲ್ಲಿ ಇಷ್ಟನ್ನು ಸೇರಿಸಿಕೊಳ್ಳಲು ವಿಶ್ವವಿದ್ಯಾಲಯಗಳಿಗೆ ಬೇಕಿರುವುದು ವಿದ್ಯಾವಿಷಯಕ ಪರಿಷತ್ತಿನ ಒಂದು ಸಭೆ, ಕಾರ್ಯಸೂಚಿಯಲ್ಲಿ ಒಂದು ಸಾಲು.